ಕಪ್ಪು ಬಿಳುಪು ಸಿನಿಮಾನ ಫ್ರೆಂಡ್‌ಗೆ ತೋರಿಸೋದಾದ್ರೆ ಎಲ್ಲಿಂದ ಶುರು ಮಾಡ್ಬೇಕು

ಹಳೇ ಕಪ್ಪು ಬಿಳುಪು ಸಿನಿಮಾ ಒಂದೂ ಪೂರ್ತಿ ನೋಡಿರದ ಫ್ರೆಂಡ್‌ಗೆ ಮೊದಲು ಯಾವುದು ತೋರಿಸ್ಬೇಕು ಅಂತ ಯಾರನ್ನ ಕೇಳಿದ್ರೂ ದೊಡ್ಡ ದೊಡ್ಡ ಹೆಸರೇ ಬರುತ್ತೆ, ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಬಂದಿರೋದು, ಹೊರದೇಶದ ಫೆಸ್ಟಿವಲ್‌ಗೆ ಹೋಗಿ ಬಂದಿರೋದು, ಸಿನಿಮಾ ಕೋರ್ಸಲ್ಲಿ ಪಾಠಕ್ಕಿಟ್ಟಿರೋದು. ನಂಗೆ ಇದು ಒಪ್ಪಿಗೆ ಇಲ್ಲ. ಎದುರಿಗೆ ಕೂತಿರೋಳು ಯಾರು, ಅವಳ ಮನೇಲಿ ಈಗ ಏನು ನಡೀತಿದೆ, ಯಾವ ಮಾತಿಗೆ ಅವಳಿಗೆ ಸಿಟ್ಟು ಬರುತ್ತೆ ಅನ್ನೋದು ಫ್ರೆಂಡ್ ಆದೋರಿಗೆ ಗೊತ್ತಿರುತ್ತಲ್ವ, ಸಿನಿಮಾನ ಅಲ್ಲಿಂದ ಆರಿಸ್ಬೇಕು. ದೊಡ್ಡ ಹೆಸರಿನವು ಎಲ್ಲೂ ಹೋಗಲ್ಲ, ಆಮೇಲೆ ನೋಡಬಹುದು. ಮೊದಲನೇ ಸಿನಿಮಾದಲ್ಲೇ ಅವಳಿಗೆ ಬೋರ್ ಹೊಡೆದ್ರೆ ಎರಡನೇದಕ್ಕೆ ಕೂರಲ್ಲ, ಅಷ್ಟೇ ಕಥೆ.

ನನ್ನ ಫ್ರೆಂಡು ವಿರಾಜಪೇಟೆ ಕಡೆಯವಳು. ಡಿಗ್ರಿ ಓದುವಾಗ ಹಾಸ್ಟೆಲಲ್ಲಿ ನಾವಿಬ್ರೂ ಒಂದೇ ರೂಮು. ಆಮೇಲೆ ಬೆಂಗಳೂರಲ್ಲಿ ಒಳ್ಳೆ ಕೆಲಸದಲ್ಲಿದ್ಲು, ಅವಳ ಅಪ್ಪಂಗೆ ಮಂಡಿನೋವು ಜಾಸ್ತಿಯಾಗಿ ತೋಟ ಸುತ್ತೋಕೆ ಆಗ್ತಿಲ್ಲ ಅಂತ ಕೆಲಸ ಬಿಟ್ಟು ವಾಪಸ್ ಬಂದ್ಲು, ಈಗ ಮರಗಸಿ, ಗೊಬ್ಬರ, ಆಳುಗಳ ಲೆಕ್ಕ, ಕಾಫಿ ಮಾರೋದು ಎಲ್ಲ ಅವಳದ್ದೇ. ಒಬ್ಬಳೇ ಮಗಳು. ಯಾವ ಮದುವೆಗೆ ಹೋದ್ರೂ ಯಾರಾದ್ರೂ ಒಬ್ರು ಅವಳ ಅಪ್ಪನ ಹತ್ರ "ತೋಟ ನೋಡ್ಕೊಳ್ಳೋಕೆ ಒಬ್ಬ ಹುಡುಗ ಸಿಕ್ಕಿಬಿಟ್ರೆ ನಿಮ್ಗೆ ನೆಮ್ಮದಿ" ಅಂತಾರೆ, ಪಕ್ಕದಲ್ಲೇ ಇವಳು ಕೂತಿರ್ತಾಳೆ, ಬೆಳಿಗ್ಗೆ ಆರು ಗಂಟೆಗೆ ಎದ್ದು ತೋಟ ಸುತ್ತಿ ಬಂದಿರ್ತಾಳೆ. ಆ ಮಾತು ಕೇಳಿದಾಗ ಅವಳ ಮುಖ ಹೇಗಾಗುತ್ತೆ ಅಂತ ನಂಗೊತ್ತು. ಅದಕ್ಕೇ ನಾನು ಮೊದಲು ಇಟ್ಟಿದ್ದು ಬೆಳ್ಳಿ ಮೋಡ.

ಗೊತ್ತಿಲ್ಲದೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. 1967ರ ಸಿನಿಮಾ, ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ಡೈರೆಕ್ಟ್ ಮಾಡಿದ ಮೊದಲನೇದು, ತ್ರಿವೇಣಿ ಅವ್ರ ಕಾದಂಬರಿ. ತ್ರಿವೇಣಿ 1963ರಲ್ಲೇ ತೀರ್ಕೊಂಡ್ರು, ಇನ್ನೂ ಮೂವತ್ತೈದು ವರ್ಷ ತುಂಬಿರ್ಲಿಲ್ಲ, ತಮ್ಮ ಕಥೆ ಪರದೆ ಮೇಲೆ ಹೀಗೆ ಬಂತು ಅಂತ ಅವ್ರು ನೋಡ್ಲೇ ಇಲ್ಲ. ಕಾಫಿ ತೋಟದ ಮನೆ, ಸಾಹುಕಾರರಿಗೆ ಒಬ್ಬಳೇ ಮಗಳು ಇಂದಿರಾ, ಅದು ಕಲ್ಪನಾ. ಮೋಹನ್ ಅಂತ ಹುಡುಗ, ಕಲ್ಯಾಣ್ ಕುಮಾರ್, ಇಬ್ರಿಗೂ ಮದುವೆ ನಿಶ್ಚಯ ಆಗುತ್ತೆ, ಮಾವನ ದುಡ್ಡಲ್ಲಿ ಅವನು ಅಮೆರಿಕಕ್ಕೆ ಓದೋಕೆ ಹೋಗ್ತಾನೆ. ಅಷ್ಟರಲ್ಲಿ ಇಂದಿರಾಗೆ ತಮ್ಮ ಹುಟ್ತಾನೆ. ತೋಟ ಈಗ ಅವಳಿಗೆ ಬರಲ್ಲ ಅಂತ ಗೊತ್ತಾದ್ಮೇಲೆ ಮೋಹನನ ಪ್ರೀತಿಯ ಬಣ್ಣ ಬಯಲಾಗುತ್ತೆ. ಶೂಟಿಂಗ್ ಚಿಕ್ಕಮಗಳೂರು ಕಡೆ ಆಗಿದ್ದು, ಆದ್ರೆ ಆ ಬೆಟ್ಟ, ಆ ಮೋಡ, ಆ ತೋಟದ ಮನೆ ನೋಡಿದ್ರೆ ಕೊಡಗಿನೋರಿಗೆ ಬೇರೆ ಊರು ಅಂತ ಅನ್ಸೋದೇ ಇಲ್ಲ.

ಅವಳನ್ನ ಕೂರಿಸೋದು ಸುಲಭ ಇರ್ಲಿಲ್ಲ. "ಅದೆಲ್ಲ ನಮ್ಮವ್ವಂಗೆ ತೋರ್ಸು ಮಾರಾಯ್ತಿ, ನಂಗೆ ಐದು ನಿಮಿಷಕ್ಕೆ ನಿದ್ದೆ ಬರುತ್ತೆ" ಅಂತಿದ್ಲು. ನಾನು ಯಾಕೆ ಅಂತ ಕೇಳಿದ್ರೆ, ಎಲ್ರ ಮುಖನೂ ಸುಣ್ಣ ಹೊಡೆದಂಗೆ ಇರುತ್ತೆ, ಎಲ್ರೂ ದಪ್ಪ ಕಾಣ್ತಾರೆ, ಮಾತು ಕೀರಲು ಅಂತ ಅವಳ ಕಂಪ್ಲೇಂಟು. ಇದ್ರಲ್ಲಿ ಸಿನಿಮಾ ಮಾಡ್ದೋರ ತಪ್ಪು ಒಂದೂ ಇಲ್ಲ ನೋಡಿ. ಹಳೇ ಸಿನಿಮಾದ ಫ್ರೇಮು ಹೆಚ್ಚು ಕಮ್ಮಿ ಚೌಕಾಕಾರ, ಈಗಿನ ಟಿವಿ ಉದ್ದ, ಟಿವಿ ಅದನ್ನ ಎರಡೂ ಕಡೆ ಎಳೆದು ಪರದೆ ತುಂಬಿಸ್ಬಿಡುತ್ತೆ, ಅದಕ್ಕೇ ಎಲ್ರೂ ದಪ್ಪ. ಯಾರೋ ಸವೆದುಹೋದ ಪ್ರಿಂಟಿಂದ ಕಾಪಿ ಹೊಡೆದು ಮೇಲೊಂದು ಲೋಗೋ ಬೇರೆ ಅಂಟಿಸಿ ಅಪ್‌ಲೋಡ್ ಮಾಡಿರ್ತಾರೆ, ಅದಕ್ಕೇ ಸುಣ್ಣದ ಮುಖ.

ಅದಕ್ಕೆ ಸಿನಿಮಾ ಹಾಕೋ ಮುಂಚೆ ಟಿವಿ ಸರಿ ಮಾಡ್ಕೊಳ್ಳಿ, ಇದು ನಾನು ಎಲ್ರಿಗೂ ಕೈ ಮುಗಿದು ಹೇಳೋ ಮಾತು. ಪಿಕ್ಚರ್ ಸೈಜನ್ನ 4:3ಗೆ ಇಡಿ ಅಥವಾ ಒರಿಜಿನಲ್ ಅಂತ ಇದ್ರೆ ಅದು, ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತೆ, ಬರ್ಲಿ. ವಿವಿಡ್ ಅಂತ ಒಂದು ಮೋಡ್ ಇರುತ್ತೆ ಅಂಗಡಿಲಿ ಮಿಂಚೋಕೆ ಇಟ್ಟಿರೋದು, ಅದನ್ನ ತೆಗೆದು ಸಿನಿಮಾ ಮೋಡ್ ಹಾಕಿ. ಚಲನೆನ ನುಣುಪು ಮಾಡೋ ಮೋಷನ್ ಸ್ಮೂತಿಂಗ್ ಅಂತ ಒಂದು ಸೆಟ್ಟಿಂಗ್ ಇರುತ್ತೆ, ಅದನ್ನ ಆಫ್ ಮಾಡಿ, ಇಲ್ದಿದ್ರೆ ಕಲ್ಪನಾ ಧಾರಾವಾಹಿಲಿ ನಡೆದಂಗೆ ನಡೀತಾರೆ. ರೂಮಿನ ಲೈಟ್ ಆರಿಸಿ. ಇಷ್ಟು ಮಾಡೋಕೆ ಎರಡು ನಿಮಿಷ, ಆದ್ರೆ ಎರಡು ಬೇರೆ ಸಿನಿಮಾ ನೋಡಿದಷ್ಟು ವ್ಯತ್ಯಾಸ ಇದೆ. ಅವಳ ಮನೇಲಿ ನಾನು ಸೆಟ್ಟಿಂಗ್ ಬದಲಾಯಿಸಿದ ತಕ್ಷಣ ಅವಳು ಮಾಡಿದ ಮೊದಲ ಕಾಮೆಂಟು "ಅಯ್ಯೋ, ಇವ್ರಿಗೆ ಕಣ್ಣಲ್ಲಿ ನೀರಿದೆ" ಅಂತ. ಅದುವರೆಗೂ ಅದು ಬರೀ ಬಿಳಿ ಚುಕ್ಕೆ ಆಗಿತ್ತು.

ಕಕ್ಕಡ ತಿಂಗಳ ಮಳೆ ಅದು, ಆಷಾಢದ್ದು. ಆ ಹೊತ್ತಲ್ಲಿ ಇಲ್ಲಿ ತೋಟದ ಕೆಲಸನೂ ಕಮ್ಮಿ, ಹೊರಗೆ ಹೋಗೋಕೂ ಆಗಲ್ಲ, ಎಲ್ಲೋ ಒಂದು ಸಿಲ್ವರ್ ಓಕ್ ಲೈನ್ ಮೇಲೆ ಬಿದ್ರೆ ಕರೆಂಟ್ ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ. ಸಿನಿಮಾ ಅರ್ಧದಲ್ಲೇ ನಿಂತು, ಯುಪಿಎಸ್ಸೂ ಕೈಕೊಟ್ಟು, ಉಳಿದಿದ್ದು ಮಾರನೇ ದಿನ ನೋಡಿದ್ವಿ. ಒಂದು ರೀತೀಲಿ ಅದೇ ಒಳ್ಳೇದಾಯ್ತು ಅನ್ಸುತ್ತೆ, ಯಾಕಂದ್ರೆ ಆ ರಾತ್ರಿ ಪೂರ್ತಿ ಮಾತು ಅದೇ. ಮೋಹನ್ ಮುಂದೆ ಏನು ಮಾಡ್ತಾನೆ, ಅಪ್ಪ ಯಾಕೆ ಮೊದ್ಲೇ ಕಾಗದಪತ್ರ ಮಾಡ್ಸಿಲ್ಲ, ಇವಳು ಯಾಕೆ ಬಾಯಿ ಬಿಡ್ತಿಲ್ಲ. ಅವಳ ಅವ್ವ ಅಡುಗೆಮನೆಯಿಂದ ಬಿದಿರಿನ ಕಣಿಲೆ ಹೆಚ್ಚೋದು ಬಿಟ್ಟು ಬಂದು ನಮ್ಮ ಜೊತೆ ಕೂತ್ರು, ಅವ್ರಿಗೆ ಕಥೆ ಪೂರ್ತಿ ಗೊತ್ತು, ಆದ್ರೂ ಒಂದಕ್ಷರ ಬಿಟ್ಟುಕೊಡ್ಲಿಲ್ಲ. "ನೀನೇ ನೋಡು" ಅಂದ್ರು ಅಷ್ಟೇ.

ಕೊನೇಲಿ ಏನಾಗುತ್ತೆ ಅಂದ್ರೆ, ಇದನ್ನ ಹೇಳದೇ ಇದ್ರೆ ಮುಂದಿನ ಮಾತು ಅರ್ಥ ಆಗಲ್ಲ ಅದಕ್ಕೆ ಹೇಳ್ತಿದೀನಿ, ಮೋಹನ್ ಪೆಟ್ಟು ಮಾಡ್ಕೊಂಡು ಮಲಗಿದಾಗ ಇಂದಿರಾನೇ ಅವನ ಆರೈಕೆ ಮಾಡ್ತಾಳೆ, ಅವನಿಗೆ ತಪ್ಪಿನ ಅರಿವಾಗಿ ಮತ್ತೆ ಮದುವೆ ಆಗೋಣ ಅಂತಾನೆ, ಅವಳು ಒಪ್ಪಲ್ಲ. 1967ರ ಸಿನಿಮಾದಲ್ಲಿ ಹೀರೋಯಿನ್ ಒಪ್ಪಲ್ಲ! ಸೇವೆ ಬೇರೆ, ಮದುವೆ ಬೇರೆ, ಎರಡನ್ನೂ ಅವಳು ಕಲಸಿಕೊಳ್ಳಲ್ಲ. ನನ್ನ ಫ್ರೆಂಡ್ ಎದ್ದು ನಿಂತ್ಕೊಂಡ್ಬಿಟ್ಲು. ಅವಳ ಅವ್ವ ಮಾತ್ರ "ಪಾಪ, ಕ್ಷಮಿಸ್ಬಹುದಿತ್ತು" ಅಂದ್ರು, ಅಷ್ಟಕ್ಕೇ ತಾಯಿ ಮಗಳಿಗೆ ಶುರುವಾಯ್ತು, ಅರ್ಧ ಕೊಡವ ತಕ್ಕಲ್ಲಿ ಅರ್ಧ ಕನ್ನಡದಲ್ಲಿ, ನಂಗೆ ಪೂರ್ತಿ ಅರ್ಥ ಆಗ್ಲಿಲ್ಲ ಆದ್ರೆ ಅದು ಮೋಹನನ ವಿಷಯ ಅಷ್ಟೇ ಅಲ್ಲ ಅಂತ ಗೊತ್ತಾಯ್ತು. ಒಂದು ಸಿನಿಮಾದಿಂದ ಇದಕ್ಕಿಂತ ಜಾಸ್ತಿ ಏನು ಕೇಳೋದು ಹೇಳಿ.

ಇನ್ನೊಂದು ಗಮನಿಸಿದ್ದು, ಮಳೆಗಾಲದಲ್ಲಿ ಇಲ್ಲಿ ಹಳೇ ಸಿನಿಮಾಕ್ಕೆ ದೊಡ್ಡ ಶತ್ರು ಅಂದ್ರೆ ಸೂರಿನ ಸದ್ದು. ಅವರ ಮನೆ ಹಾಲ್ ಹಂಚಿಂದು, ಪಕ್ಕದ ಜಗಲಿಗೆ ಶೀಟ್ ಹಾಕ್ಸಿದಾರೆ, ಮಳೆ ಜೋರಾದ್ರೆ ಆ ಶೀಟಿನ ಶಬ್ದದಲ್ಲಿ ಪಕ್ಕದಲ್ಲಿ ಕೂತೋರ ಮಾತೇ ಕೇಳಲ್ಲ, ಇನ್ನು ಅರವತ್ತು ವರ್ಷ ಹಿಂದಿನ ಮೋನೋ ಸೌಂಡ್ ಎಲ್ಲಿ ಕೇಳ್ಬೇಕು. ಸಬ್‌ಟೈಟಲ್ ಇರೋ ಹಳೇ ಕನ್ನಡ ಸಿನಿಮಾ ಹುಡುಕಿದ್ರೂ ಸಿಗೋದು ಕಷ್ಟ. ಅಂಥ ಒಂದು ಸಂಜೆ ನಾನು ಬೇಕಂತಲೇ ನಾಂದಿ ಹಾಕ್ದೆ. 1964, ಎನ್. ಲಕ್ಷ್ಮೀನಾರಾಯಣ್ ಅವ್ರ ಸಿನಿಮಾ, ರಾಜ್‌ಕುಮಾರ್ ಸ್ಕೂಲ್ ಮೇಷ್ಟ್ರು, ಹರಿಣಿ ಮಾತು ಬಾರದ ಕಿವಿ ಕೇಳದ ಹೆಂಡತಿ. ಹರಿಣಿ ಅವ್ರದ್ದು ಎಲ್ಲ ಕೈಯಲ್ಲಿ, ಹುಬ್ಬಲ್ಲಿ, ಕುತ್ತಿಗೆ ತಿರುಗಿಸೋದ್ರಲ್ಲಿ. ಆ ಮಳೇಲಿ ಎಷ್ಟೋ ಮಾತು ನಮಗೆ ಕೇಳ್ಸಲೇ ಇಲ್ಲ, ಅವರಿಗೆ ಕೇಳಿಸದಿದ್ದ ಹಾಗೆ ನಮಗೂ ಕೇಳಿಸದೆ, ಸುತ್ತ ಇರೋರ ತುಟಿ ಮಾತ್ರ ಆಡೋದು ನೋಡ್ತಾ ಕೂತಿದ್ವಿ. ನನ್ನ ಫ್ರೆಂಡ್ ಟಿವಿ ಹತ್ರ ನೆಲದಲ್ಲಿ ಹೋಗಿ ಕೂತ್ಲು. ರಾಜ್‌ಕುಮಾರ್ ಅಂದ್ರೆ ಅವಳಿಗೆ ಗೊತ್ತಿದ್ದಿದ್ದು ಕಿರೀಟ, ಕತ್ತಿ, ಬೆಲ್ ಬಾಟಮ್ಮು. ಇಲ್ಲಿ ಇವ್ರು ಕೋಟು ಹಾಕಿದ ಬಡ ಮೇಷ್ಟ್ರು, ಧ್ವನಿ ಏರಿಸದೇ ಇಡೀ ಸಿನಿಮಾ ನಿಭಾಯಿಸ್ತಾರೆ, ಅದು ಅವಳಿಗೆ ಹೊಸದು. ಮಗೂಗೆ ಹಾಡೋ ಆ ಹಾಡು ಬಂದಾಗ ಮಾತ್ರ ನಾನು ವಾಲ್ಯೂಮ್ ಪೂರ್ತಿ ಏರಿಸ್ದೆ, ಪಿ.ಬಿ. ಶ್ರೀನಿವಾಸ್ ಅವ್ರ ಧ್ವನಿ, ವಿಜಯಭಾಸ್ಕರ್ ಸಂಗೀತ, ಅದನ್ನ ಮಳೆಗೆ ಬಿಟ್ಟುಕೊಡೋಕೆ ಆಗುತ್ತಾ.

ಈಗ ಬಣ್ಣದ ವಿಷಯಕ್ಕೆ ಬರ್ತೀನಿ, ನಂಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಇದೇ. ಕಪ್ಪು ಬಿಳುಪು ಅಂದ್ರೆ ಬಣ್ಣ ಇಲ್ಲದ್ದು ಅಂತ ಜನ ಅನ್ಕೊಂಡಿದಾರೆ, ಏನೋ ಬಡತನ, ಆಗ ಬಣ್ಣದ ಫಿಲ್ಮ್ ತುಟ್ಟಿ ಇತ್ತು ಅದಕ್ಕೆ ಹೀಗೆ ಅಂತ. ತುಟ್ಟಿ ಇದ್ದಿದ್ದು ನಿಜ. ಕನ್ನಡದಲ್ಲಿ ಮೊದಲನೇ ಪೂರ್ತಿ ಬಣ್ಣದ ಚಿತ್ರ ಅಮರಶಿಲ್ಪಿ ಜಕಣಾಚಾರಿ ಬಂದಿದ್ದೇ 1964ರಲ್ಲಿ, ನಾಂದಿ ಬಂದ ವರ್ಷವೇ. ಆದ್ರೆ ಇಲ್ದೇ ಇರೋದ್ರಲ್ಲಿ ಕೆಲಸ ಮಾಡ್ತಾ ಮಾಡ್ತಾ ಆ ಕ್ಯಾಮೆರಾದೋರು ಕಲಿತಿದ್ದು ಏನು ಅನ್ನೋದನ್ನ ಬಾಯಲ್ಲಿ ಹೇಳಿದ್ರೆ ಅರ್ಥ ಆಗಲ್ಲ. ಹಣ್ಣು ಕೊಯ್ಲಿನ ಟೈಮಲ್ಲಿ ನಾನು ಅವರ ಮನೆಗೆ ಹೋದಾಗ ಅವಳ ಫೋನನ್ನ ಮೋನೋ ಮೋಡ್‌ಗೆ, ಅಂದ್ರೆ ಕಪ್ಪು ಬಿಳುಪಿಗೆ, ಹಾಕಿ "ಈಗ ಈ ಗಿಡದ ಫೋಟೋ ತೆಗಿ" ಅಂದೆ. ಕೊಂಬೆ ತುಂಬಾ ಕೆಂಪು ಹಣ್ಣು, ದೂರದಿಂದನೇ ಕಣ್ಣಿಗೆ ಹೊಡೀತಿತ್ತು. ಫೋಟೋದಲ್ಲಿ ಹಣ್ಣೇ ಇಲ್ಲ! ಕೆಂಪು ಹಣ್ಣೂ ಹಸಿರು ಎಲೆನೂ ಹತ್ತತ್ರ ಒಂದೇ ಬೂದು ಬಣ್ಣಕ್ಕೆ ತಿರುಗಿ ಎಲ್ಲ ಕಲಸಿಹೋಗಿತ್ತು. ಅವಳಿಗೆ ನಂಬೋಕಾಗ್ದೆ ಮತ್ತೆ ಮತ್ತೆ ತೆಗೆದ್ಲು. ಆಮೇಲೆ ಗಿಡದ ಆ ಕಡೆ ಹೋಗಿ, ಸೂರ್ಯ ಎದುರಿಗೆ ಬರೋ ಹಾಗೆ ನಿಂತು ತೆಗೆದ್ಲು, ಆಗ ಒಂದೊಂದು ಹಣ್ಣಿನ ಅಂಚಿಗೂ ತೆಳ್ಳಗೆ ಒಂದು ಬೆಳ್ಳಿ ಗೆರೆ ಬಂತು, ಹಣ್ಣು ಎಲೆಯಿಂದ ಬಿಡಿಸ್ಕೊಂಡು ನಿಂತ್ಕೊಳ್ತು.

ಅಷ್ಟೇ ಗುಟ್ಟು. ಬಣ್ಣ ಇಲ್ದಾಗ ಮನುಷ್ಯನ್ನ ಹಿಂದಿನ ಗೋಡೆಯಿಂದ ಬಿಡಿಸಿ ತೋರಿಸೋಕೆ ಇರೋದು ಬೆಳಕೊಂದೇ. ಅದಕ್ಕೇ ಹಳೇ ಸಿನಿಮಾದಲ್ಲಿ ತಲೆ ಹಿಂದಿಂದ ಒಂದು ಲೈಟ್ ಬಿದ್ದು ಕೂದಲಿನ ಅಂಚು ಹೊಳೀತಿರುತ್ತೆ. ಅದು ಸುಮ್ನೆ ಶೋಕಿಗಲ್ಲ, ಆ ಲೈಟ್ ಇಲ್ದಿದ್ರೆ ಹೀರೋಯಿನ್ ಕಪ್ಪು ಕೂದಲು ಹಿಂದಿನ ಕತ್ತಲೆ ಜೊತೆ ಸೇರಿಹೋಗುತ್ತೆ. ಯಾವ ಸೀರೆ, ಯಾವ ಗೋಡೆ, ಎಲ್ಲನೂ ಇದು ಬೂದು ಬಣ್ಣದಲ್ಲಿ ಎಷ್ಟು ಗಾಢ ಬರುತ್ತೆ ಅಂತ ಲೆಕ್ಕ ಹಾಕಿ ಆರಿಸ್ತಿದ್ರು. ಈ ಹಣ್ಣಿನ ಫೋಟೋ ಆದ್ಮೇಲೆ ನನ್ನ ಫ್ರೆಂಡ್ ಸಿನಿಮಾ ನೋಡೋ ರೀತಿನೇ ಬದಲಾಯ್ತು, ಸೀನ್ ನಿಲ್ಲಿಸಿ ಲೈಟ್ ಎಲ್ಲಿಂದ ಬರ್ತಿದೆ, ಕಿಟಕಿ ಯಾವ ಕಡೆ ಅಂತ ಅವಳೇ ಹುಡುಕೋಕೆ ಶುರು ಮಾಡಿದ್ಲು.

ಆಗ ತೋರಿಸಿದ್ದು ಕಾಗಜ್ ಕೆ ಫೂಲ್. 1959, ಹಿಂದಿ, ಗುರುದತ್. ನಮ್ಮೋರಿಗೆ ಇದನ್ನ ತೋರಿಸುವಾಗ ಒಂದು ವಿಷಯ ಹೇಳ್ಲೇಬೇಕು, ಗುರುದತ್ ಹುಟ್ಟಿದ್ದು ಬೆಂಗಳೂರಲ್ಲಿ, ಕ್ಯಾಮೆರಾ ಹಿಡಿದ ವಿ.ಕೆ. ಮೂರ್ತಿ ಮೈಸೂರಿನವರು, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೊಗ್ರಫಿ ಓದಿದೋರು. ಆ ಸಿನಿಮಾದಲ್ಲಿ ಖಾಲಿ ಸ್ಟುಡಿಯೋ ಒಳಗೆ ಮೇಲಿಂದ ಒಂದು ದೊಡ್ಡ ಬೆಳಕಿನ ಕೋಲು ಇಳಿಯುತ್ತಲ್ಲ, ಗುರುದತ್ ಒಂದು ಕಡೆ ವಹೀದಾ ಒಂದು ಕಡೆ, ಅದನ್ನ ಮೂರ್ತಿಯವರು ಮಾಡಿದ್ದು ಹೊರಗಿನ ಬಿಸಿಲನ್ನ ಕನ್ನಡಿ ಇಟ್ಟು ಒಳಗೆ ತಿರುಗಿಸಿ. ಕನ್ನಡಿ ಕಣ್ರೀ, ಮನೇಲಿರೋ ಥರದ್ದು! ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು, ಅಂದ್ರೆ ಅಗಲ ಪರದೆದು, ಆಗ ಓಡ್ಲಿಲ್ಲ. ಮೂರ್ತಿಯವರಿಗೆ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಬಂತು, ಒಬ್ಬ ಕ್ಯಾಮೆರಾಮನ್‌ಗೆ ಅದು ಬಂದಿದ್ದು ಅದೇ ಮೊದಲು. ಮೈಸೂರು ನಮಗೆ ಬಸ್ಸಲ್ಲಿ ಮೂರು ಗಂಟೆ ದಾರಿ, ಆದ್ರೂ ಈ ಹೆಸರು ಗೊತ್ತಿರೋರು ಎಷ್ಟು ಜನ ಹೇಳಿ, ನಂಗೆ ಇದು ನಿಜವಾಗ್ಲೂ ಬೇಜಾರು ತರಿಸುತ್ತೆ. ಕಥೆ ಮಾತ್ರ ಅವಳಿಗೆ ಅಷ್ಟು ಹಿಡಿಸ್ಲಿಲ್ಲ, ಕಥೇಲಿರೋ ಆ ಡೈರೆಕ್ಟರ್ ಜಾಸ್ತಿ ಕೊರಗ್ತಾನೆ ಅಂದ್ಲು. ನಂಗೂ ಸ್ವಲ್ಪ ಹಾಗೇ ಅನ್ಸುತ್ತೆ. ಆದ್ರೆ ಆ ಬೆಳಕಿಗೋಸ್ಕರ ನಾನು ಅದನ್ನ ಎಷ್ಟು ಸಲ ಬೇಕಾದ್ರೂ ನೋಡ್ತೀನಿ.

ಕಸ್ತೂರಿ ನಿವಾಸದ ಬಗ್ಗೆ ನಮ್ಮಿಬ್ರಿಗೂ ಸ್ವಲ್ಪ ಜಗಳನೇ ಆಯ್ತು. ಅವಳು ಅದನ್ನ ಟಿವಿಲಿ ಬಣ್ಣದಲ್ಲಿ ತುಂಡು ತುಂಡಾಗಿ ನೋಡಿದ್ಲು, ಅದು ಮೊದ್ಲಿಂದ ಬಣ್ಣದ ಸಿನಿಮಾನೇ ಅನ್ಕೊಂಡಿದ್ಲು. 1971ರಲ್ಲಿ ದೊರೆ-ಭಗವಾನ್ ಮಾಡಿದ್ದು ಕಪ್ಪು ಬಿಳುಪಲ್ಲೇ, 2014ರಲ್ಲಿ ಅದಕ್ಕೆ ಬಣ್ಣ ತುಂಬಿ ಮತ್ತೆ ರಿಲೀಸ್ ಮಾಡಿದ್ರು, ಅದಕ್ಕಿಂತ ಮುಂಚೆ 2008ರಲ್ಲಿ ಸತ್ಯ ಹರಿಶ್ಚಂದ್ರಕ್ಕೂ ಹೀಗೇ ಆಗಿತ್ತು. ಅವಳ ವಾದ, ಬಣ್ಣ ಹಾಕಿದ್ರಿಂದ ತಾನೇ ನನ್ನಂಥೋರು ನೋಡಿದ್ದು, ಥಿಯೇಟರ್‌ಗೆ ಜನ ಮತ್ತೆ ಬಂದಿದ್ದು. ಇದನ್ನ ನಾನು ಅಲ್ಲಗಳೆಯಲ್ಲ, ಆ ಕೆಲಸ ಮಾಡ್ದೋರು ಪ್ರೀತಿಯಿಂದನೇ ಮಾಡಿದಾರೆ. ಆದ್ರೂ ಎರಡನ್ನೂ ಒಂದಾದ್ಮೇಲೊಂದು ಹಾಕಿ ತೋರಿಸ್ದೆ, ಒಂದೇ ಸೀನು, ಎಲ್ಲ ಕಳ್ಕೊಂಡ ಮೇಲೆ ಆ ಖಾಲಿ ಮನೇಲಿ ರಾಜ್‌ಕುಮಾರ್. ಬೆಂಕಿಪೊಟ್ಟಣದ ಫ್ಯಾಕ್ಟರಿ ಇಟ್ಟಿದ್ದ ಸಾಹುಕಾರ, ಕೊಡೋದು ಬಿಟ್ಟು ತಗೊಳ್ಳೋದು ಗೊತ್ತಿಲ್ಲದೋನು. ಬಣ್ಣದ್ದರಲ್ಲಿ ಕಣ್ಣು ಮೊದಲು ಗೋಡೆಗೆ ಹೋಗುತ್ತೆ, ಶಾಲಿಗೆ ಹೋಗುತ್ತೆ, ಆಮೇಲೆ ಮುಖ. ಕಪ್ಪು ಬಿಳುಪಲ್ಲಿ ಮುಖ ಬಿಟ್ಟು ನೋಡೋಕೆ ಬೇರೇನೂ ಇಲ್ಲ, ಯಾಕಂದ್ರೆ ಬೆಳಕು ಬಿದ್ದಿರೋದೇ ಅಲ್ಲಿ. ಅವಳು ತುಂಬಾ ಹೊತ್ತು ಸುಮ್ನಿದ್ದು "ಇದ್ರಲ್ಲಿ ಅವ್ರಿಗೆ ವಯಸ್ಸಾಗಿದೆ, ಅದ್ರಲ್ಲಿ ಆಗಿಲ್ಲ" ಅಂದ್ಲು. ಅದಕ್ಕಿಂತ ಚೆನ್ನಾಗಿ ನಂಗೆ ಹೇಳೋಕೆ ಬರಲ್ಲ. ಆ ಸಿನಿಮಾದಲ್ಲಿ ಬರೋ ಪಾರಿವಾಳದ್ದು ಏನಾಗುತ್ತೆ ಅಂತ ಇಲ್ಲಿ ಬರೆಯಲ್ಲ, ನೋಡದೇ ಇರೋರು ಇನ್ನೂ ಇದಾರೆ.

ಕೊಡಗಿನೋರು ಅಂದ ತಕ್ಷಣ ಪುಟ್ಟಣ್ಣ ಅವ್ರದ್ದೇ ಶರಪಂಜರ ತೋರಿಸಿಲ್ವಾ, ಅದ್ರಲ್ಲಿ ನಮ್ಮೂರು ಇದೆ, ಕಾವೇರಿ ಇದೆ ಅಂತ ಯಾರಾದ್ರೂ ಕೇಳ್ತೀರಾ. ಅದು 1971, ಬಣ್ಣದ್ದು. ತೋರಿಸ್ದೆ, ಆದ್ರೆ ಗೆಜ್ಜೆ ಪೂಜೆ ಆದ್ಮೇಲೆ. ಒಬ್ಬರೇ ಡೈರೆಕ್ಟರು, ಒಬ್ಬರೇ ಕಲ್ಪನಾ, 1969ರ ಗೆಜ್ಜೆ ಪೂಜೆ ಕಪ್ಪು ಬಿಳುಪಲ್ಲಿ, ಶರಪಂಜರ ಬಣ್ಣದಲ್ಲಿ, ಎರಡೂ ಬೆನ್ನಿಗೆ ಬೆನ್ನು ನೋಡಿದ್ರೆ ಯಾವುದಕ್ಕೆ ಏನು ಬೇಕು ಅನ್ನೋದು ಕಾಣುತ್ತೆ. ಶರಪಂಜರದ ಹಾಡುಗಳಿಗೆ ನಮ್ಮ ಬೆಟ್ಟದ ಹಸಿರು ಬೇಕೇಬೇಕು. ಕಪ್ಪು ಬಿಳುಪೇ ಮೇಲು ಅಂತ ಹಠ ಹಿಡಿಯೋದು ನನ್ನ ಉದ್ದೇಶ ಅಲ್ಲ.

ಇಷ್ಟೆಲ್ಲ ಆದ್ಮೇಲೆ ಘಟಶ್ರಾದ್ಧ. ಇದನ್ನ ನಾನು ಬೇಕಂತಲೇ ಇಷ್ಟು ದಿನ ಹಿಂದೆ ಇಟ್ಟಿದ್ದೆ. 1977, ಗಿರೀಶ್ ಕಾಸರವಳ್ಳಿ ಅವ್ರ ಮೊದಲ ಸಿನಿಮಾ, ಅನಂತಮೂರ್ತಿ ಅವ್ರ ಕಥೆ, ಕ್ಯಾಮೆರಾ ಎಸ್. ರಾಮಚಂದ್ರ. ಆಗ ಬಣ್ಣ ಮಾಮೂಲಾಗಿತ್ತು, ಆದ್ರೂ ಇದು ಕಪ್ಪು ಬಿಳುಪು. ವೇದ ಕಲಿಯೋಕೆ ಬಂದ ಪುಟ್ಟ ಹುಡುಗ ನಾಣಿ, ಗುರುಗಳ ವಿಧವೆ ಮಗಳು ಯಮುನಕ್ಕ, ಅವಳು ಒಬ್ಬ ಸ್ಕೂಲ್ ಮೇಷ್ಟ್ರಿಂದ ಬಸುರಿ ಆಗ್ತಾಳೆ, ಊರಿಗೆ ಗೊತ್ತಾಗುತ್ತೆ, ಹೆತ್ತ ಅಪ್ಪನೇ ಬದುಕಿರೋ ಮಗಳ ಶ್ರಾದ್ಧ ಮಾಡಿ ಮಡಕೆ ಒಡೆದು ಕಳಿಸ್ತಾನೆ. ಎಲ್ಲನೂ ನಾವು ನೋಡೋದು ಆ ಹುಡುಗನ ಎತ್ತರದಿಂದ, ಅವನಿಗೆ ಅರ್ಥ ಆದಷ್ಟೇ. ರಾತ್ರಿ ಕಾಡಿನ ಸೀನ್‌ಗಳಲ್ಲಿ ಬೆಂಕಿ ಬೆಳಕು ಬಿದ್ದಷ್ಟು ಜಾಗ ಬಿಟ್ರೆ ಪರದೆ ಪೂರ್ತಿ ಕತ್ತಲೆ. ತೋಟದ ಮಧ್ಯೆ ಮನೆ ಇರೋರಿಗೆ, ಟಾರ್ಚ್ ಬಿಟ್ಟು ಆಚೆ ಏನೂ ಕಾಣದ ರಾತ್ರಿ ಗೊತ್ತಿರೋರಿಗೆ ಅದು ಬೇರೆ ಥರ ತಾಗುತ್ತೆ. ತಲೆ ಬೋಳಿಸಿ ಮರದ ಕೆಳಗೆ ಕೂತ ಯಮುನಕ್ಕನ್ನ ನೋಡಿ ನನ್ನ ಫ್ರೆಂಡ್ ಅತ್ತಳು, ಆಮೇಲೆ ಸಿಟ್ಟಲ್ಲಿ "ಆ ಸ್ಕೂಲ್ ಮೇಷ್ಟ್ರಿಗೆ ಯಾರು ಶ್ರಾದ್ಧ ಮಾಡಿದ್ರು" ಅಂತ ಕೇಳಿದ್ಲು. ಬೆಳ್ಳಿ ಮೋಡದಿಂದ ಶುರು ಮಾಡಿದ್ದಕ್ಕೇ ಈ ಪ್ರಶ್ನೆ ಬಂತು ಅನ್ನೋದು ನನ್ನ ನಂಬಿಕೆ. ಮೊದಲ ದಿನವೇ ಘಟಶ್ರಾದ್ಧ ಹಾಕಿದ್ದಿದ್ರೆ ಅವಳು ಮರ್ಯಾದೆಗೆ ಕೂತು ನೋಡಿ ಚೆನ್ನಾಗಿದೆ ಅಂತ ಹೇಳಿ ಎದ್ದು ಹೋಗ್ತಿದ್ಲು.

ಸಂಸ್ಕಾರ ಕೂಡ ನೋಡಿದ್ವಿ, 1970ರದ್ದು, ಆಸ್ಟ್ರೇಲಿಯಾದ ಟಾಮ್ ಕೋವನ್ ಕ್ಯಾಮೆರಾ, ಕಾರ್ನಾಡ್ ಪ್ರಾಣೇಶಾಚಾರ್ಯರು, ಲಂಕೇಶ್ ನಾರಣಪ್ಪ. ಮೊದಲು ಸೆನ್ಸಾರಿನೋರು ತಡೆದಿದ್ರು, ಆಮೇಲೆ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಅವಳಿಗೆ ಆಚಾರ್ಯರ ತಳಮಳಕ್ಕಿಂತ ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿ ಮುಂದೇನು ಮಾಡಿದ್ಲು ಅನ್ನೋದೇ ಮುಖ್ಯ ಆಯ್ತು.

ಘಟಶ್ರಾದ್ಧದ ನೆಗೆಟಿವ್‌ನ ಒಳ್ಳೇ ರೀತಿ ಸರಿಪಡಿಸಿ 4ಕೆ ಮಾಡಿ 2024ರಲ್ಲಿ ವೆನಿಸ್ ಫೆಸ್ಟಿವಲಲ್ಲಿ ತೋರಿಸಿದಾರೆ, ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನೋರೂ ಸೇರಿ ಮಾಡಿದ ಕೆಲಸ. ಆ ಅದೃಷ್ಟ ಎಲ್ಲ ಸಿನಿಮಾಕ್ಕೂ ಇಲ್ಲ. ಕನ್ನಡದ ಮೊದಲ ಟಾಕಿ ಸತಿ ಸುಲೋಚನ, 1934, ಅದರ ಪ್ರಿಂಟ್ ಇಲ್ಲ, ಹೋಯ್ತು. ಫಿಲ್ಮ್ ರೀಲಿಗೆ ಶೆಖೆ ಮತ್ತೆ ತೇವ ಎರಡೂ ಆಗಲ್ಲ, ಅಸಿಟೇಟ್ ಫಿಲ್ಮ್ ಕೆಟ್ಟರೆ ವಿನಿಗರ್ ವಾಸನೆ ಬಂದು ಸುರುಟಿಕೊಳ್ಳುತ್ತೆ, ಮೇಲೆ ಬೂಷ್ಟು ಹಿಡಿಯುತ್ತೆ. ಇದನ್ನ ಕೊಡಗಿನೋರಿಗೆ ವಿವರಿಸಿ ಹೇಳ್ಬೇಕಾಗೇ ಇಲ್ಲ. ಆ ಮಾತಾಡಿದ ದಿನ ಅವಳ ಅವ್ವ ಅಟ್ಟದಿಂದ ಮದುವೆ ಆಲ್ಬಂ ಇಳಿಸಿ ತಂದ್ರು, ಕಪ್ಪು ಬಿಳುಪು ಫೋಟೋಗಳು, ಹಾಳೆಗೆ ಹಾಳೆ ಅಂಟಿ, ಎಷ್ಟೋ ಮುಖಗಳ ಮೇಲೆ ಬಿಳಿ ಬಿಳಿ ಬೂಷ್ಟು. ಒಂದು ಫೋಟೋದಲ್ಲಿ ಯಾರ ಪಕ್ಕ ಯಾರು ನಿಂತಿದಾರೆ ಅಂತ ಅವರಿಗೇ ಗುರುತು ಹತ್ತಲಿಲ್ಲ. ಉಳಿದಿರೋದನ್ನ ನನ್ನ ಫ್ರೆಂಡ್ ಈಗ ಸ್ಕ್ಯಾನ್ ಮಾಡಿಸ್ತಿದಾಳೆ. ನಿಮ್ಮನೇಲೂ ಇದ್ರೆ ಈ ಬೇಸಿಗೇಲೇ ಮಾಡ್ಸಿ, ಇನ್ನೊಂದು ಮಳೆಗಾಲ ಕಾಯ್ಬೇಡಿ.

ಈಗ ಅವಳೇ ಪಟ್ಟಿ ಮಾಡ್ತಾಳೆ. ಟ್ವೆಲ್ವ್ ಆಂಗ್ರಿ ಮೆನ್ ಅವಳೇ ಹುಡುಕಿ ನಂಗೆ ಹೇಳಿದ್ದು, 1957ರದ್ದು, ಹೆಚ್ಚು ಕಮ್ಮಿ ಇಡೀ ಸಿನಿಮಾ ಒಂದೇ ರೂಮು, ಹನ್ನೆರಡು ಜನ. ಸಿನಿಮಾ ಮುಂದುವರಿದಂಗೆ ಕ್ಯಾಮೆರಾ ಕೆಳಗೆ ಇಳೀತಾ ಬರುತ್ತೆ, ಲೆನ್ಸ್ ಬದಲಾಗಿ ಗೋಡೆ ಹತ್ತಿರ ಬಂದಂಗಾಗುತ್ತೆ, ಕೊನೆಗೆ ಸೂರು ತಲೆ ಮೇಲೇ ಇರೋ ಹಾಗೆ. ಅದನ್ನ ಅವಳು ನಾನು ಹೇಳೋ ಮುಂಚೆನೇ ಕಂಡುಹಿಡಿದ್ಲು. ಮುಂದಿನದಕ್ಕೆ ಇಟಲಿಯ ಬೈಸಿಕಲ್ ಥೀವ್ಸ್ ಮೊದಲಾ ಸತ್ಯಜಿತ್ ರೇ ಅವ್ರ ಪಥೇರ್ ಪಾಂಚಾಲಿ ಮೊದಲಾ ಅಂತ ಇನ್ನೂ ತೀರ್ಮಾನ ಆಗಿಲ್ಲ. ರೇ 1950ರಲ್ಲಿ ಲಂಡನ್ನಲ್ಲಿ ಬೈಸಿಕಲ್ ಥೀವ್ಸ್ ನೋಡಿ ತಾನೇ ಸ್ಟುಡಿಯೋ ಬಿಟ್ಟು ಹೊರಗೆ ಹೊಸಬರನ್ನಿಟ್ಟು ಸಿನಿಮಾ ಮಾಡೋ ಧೈರ್ಯ ತಂದ್ಕೊಂಡಿದ್ದು, ಆ ಕ್ರಮದಲ್ಲೇ ನೋಡೋಣ ಅಂತ ನಾನು. ಪಥೇರ್ ಪಾಂಚಾಲಿಲಿ ಮಳೆ ಇದೆಯಂತೆ, ಅದನ್ನ ಮಳೆಗಾಲದಲ್ಲೇ ನೋಡ್ಬೇಕು ಅಂತ ಅವಳು. ಅವಳ ಅವ್ವಂಗೆ ಇವೆರಡೂ ಬೇಡ, ಸ್ಕೂಲ್ ಮಾಸ್ಟರ್ ಹಾಕಿ, ಬಿ.ಆರ್. ಪಂತುಲು ಅವ್ರನ್ನ ನೋಡ್ಬೇಕು ಅಂತಿದಾರೆ, ಮನೆ ಅವ್ರದ್ದು, ಅದಕ್ಕೆ ಈ ಶನಿವಾರ ಸ್ಕೂಲ್ ಮಾಸ್ಟರ್.